ದುಪ್ಪಟ್ಟ ಕೊಟ್ಟ ದೀಕ್ಷೆ

ಇನ್ನು ಮುಂದೆ ನನ್ನನ್ನು ಒಮ್ಮೆ ನೋಡಿದವರು ಜನ್ಮದಲ್ಲಿ ಮರೆಯಬಾರದು! ಹೀಗೆಂದು ಹೋದ ತಿಂಗಳು ನಮ್ಮ ಮನೆಯ ಹಾಲ್‌ನಲ್ಲಿ ನಿಂತು, ಟಿ.ವಿ. ಸೌಂಡ್ ಕಡಿಮೆ ಮಾಡಿಸಿ, ಘೋಷಣೆ ಹೊರಡಿಸಿದವಳು ಸಾಕ್ಷಾತ್ ನಾನೇ, ಪಲ್ಲವಿ. ಕೇಳಿಸಿಕೊಂಡವರು ನನ್ನ ಗಂಡ ರೇಣುಕಾಪ್ರಸಾದ್ ಮತ್ತು ಅತ್ತೆ ಕಲ್ಲಮ್ಮ. ಗಂಡ ಆಕಳಿಸಿದರು. ಅತ್ತೆ ಸೌಂಡ್ ಮತ್ತೆ ಜಾಸ್ತಿ ಮಾಡಿದರು.

ಈ ಘೋಷಣೆಗೆ ಕಾರಣವಿತ್ತು. ನಾನು ನಮ್ಮೂರಿನ ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾದ ಒಂದು ಚಿಕ್ಕ ಪೈಪ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆಫೀಸಿನ ಗೋಡೆ ಕ್ರೀಮ್ ಬಣ್ಣದ್ದು. ಅವತ್ತು ನನ್ನ ಕುರ್ತಾನೂ ಕ್ರೀಮ್. ಮ್ಯಾನೇಜರ್ ಬಂದು, ನೇರವಾಗಿ ನನ್ನ ಕುರ್ಚಿಯನ್ನೇ ನೋಡುತ್ತಾ, "ಏನ್ರೀ, ಪಲ್ಲವಿ ಇವತ್ತು ರಜಾನಾ?" ಅಂದರು.

"ಸಾರ್, ಇಲ್ಲೇ ಇದೀನಿ," ಅಂದೆ.

ಗೋಡೆ ಮಾತಾಡಿತೆಂದು ಬೆಚ್ಚಿಬಿದ್ದು ಅರ್ಧ ಲೋಟ ಟೀ ಚೆಲ್ಲಿಕೊಂಡರು ಪಾಪ.

ಅವತ್ತೇ ಮನೆಗೆ ಬಂದು ಬೀರು ತೆಗೆದೆ. ಕ್ರೀಮ್, ಗಂಧ, ಬಿಸ್ಕತ್ತು, ತೆಳು ಬಿಸ್ಕತ್ತು! ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ಕೊಂಡಿದ್ದೆಲ್ಲ 'ಎಲ್ಲಕ್ಕೂ ಮ್ಯಾಚ್ ಆಗುತ್ತೆ' ಎನ್ನುವ ಒಂದೇ ಮಹಾಮಂತ್ರದ ಮೇಲೆ. ಮ್ಯಾಚ್ ಆಗೀ ಆಗೀ ಕೊನೆಗೆ ಗೋಡೆಗೂ ಮ್ಯಾಚ್ ಆಗಿದ್ದೆ. ಫೋನಿನಲ್ಲಿ ಒಬ್ಬಳು ಸ್ಟೈಲ್ ಗುರುವನ್ನು ಹುಡುಕಿದೆ. ಆ ತಾಯಿ ಕೂದಲು ಹಾರಿಸುತ್ತಾ ಹೇಳಿದಳು: "ಒಂದು ದಿಟ್ಟ ಬಣ್ಣ ಆರಿಸಿ. ಅದರ ಸುತ್ತ ಉಡುಪು ಕಟ್ಟಿ. ನಿಮ್ಮೊಳಗಿನ ಬಣ್ಣವನ್ನು ಧೈರ್ಯವಾಗಿ ಹೊರಗೆ ಬಿಡಿ!"

ಬಿಟ್ಟೆ. ಎಂ.ಜಿ. ರಸ್ತೆಗೆ ಹೋಗಿ 'ಬರ್ನ್ಟ್ ಆರೆಂಜ್' ಎಂಬ ಬಣ್ಣದ ಕುರ್ತಾ, ಅದೇ ಬಣ್ಣದ ಮೂರು ಗಜದ ದುಪ್ಪಟ್ಟ, ಬ್ಯಾಗು, ಚಪ್ಪಲಿ, ಕಿವಿಗೆ ಜುಮುಕಿ, ಎಲ್ಲಾ ತಂದೆ. ಹಾಕಿಕೊಂಡು ಹಾಲ್‌ಗೆ ಪ್ರವೇಶಿಸಿದೆ.

"ಹೆಂಗಿದೆ?"

ನನ್ನ ಗಂಡ ಮೇಲಿಂದ ಕೆಳಗೆ ನೋಡಿದರು. "ರೋಡ್ ಅಗೆಯೋವಾಗ ಇಡ್ತಾರಲ್ಲ, ಆ ಕೋನ್ ಥರ ಇದೆ. ನೀನು ಟೌನ್‌ಹಾಲ್ ಸರ್ಕಲ್ಲಲ್ಲಿ ನಿಂತ್ರೆ ಗಾಡಿಯವರೆಲ್ಲ ತಾವೇ ಡೈವರ್ಷನ್ ತಗೋತಾರೆ."

"ಇದು ಮಠದ ಬಣ್ಣ ಅಲ್ವೇನೇ?" ಅಂದರು ಅತ್ತೆ.

"ಅಯ್ಯೋ ಅಲ್ಲ ಅತ್ತೆ. ಇದು ಬರ್ನ್ಟ್ ಆರೆಂಜ್. ಅಂದ್ರೆ ಸುಟ್ಟ ಕಿತ್ತಳೆ."

"ಸುಟ್ಟಿದ್ದು ಅಂತ ಗೊತ್ತಿದ್ದೂ ಯಾಕ್ ತಂದೆ?"

ಇಂಥವರ ನಡುವೆ ನಾನು ಪರ್ಸನಲ್ ಸ್ಟೈಲ್ ಬೆಳೆಸಬೇಕು! ಇರಲಿ. ನನ್ನ ಅವತಾರದ ಲೋಕಾರ್ಪಣೆಗೆ ಮುಹೂರ್ತವೂ ನಿಗದಿಯಾಗಿತ್ತು. ಮುಂದಿನ ಭಾನುವಾರ ಗುಬ್ಬಿಯ ಛತ್ರದಲ್ಲಿ ನನ್ನ ನಾದಿನಿ ಅಕ್ಷತಾಳ ವೀಳ್ಯಶಾಸ್ತ್ರ. ಹುಡುಗ ಉದಯಕುಮಾರ್, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಇವರಿಬ್ಬರೂ ತಾವೇ ಮೆಚ್ಚಿಕೊಂಡು, ಎರಡು ಮನೆಯವರನ್ನೂ ಒಪ್ಪಿಸುವ ಹೊತ್ತಿಗೆ ಪೂರಾ ಒಂದು ವರ್ಷ ಹಿಡಿದಿತ್ತು. ಇನ್ನು ಉಳಿದದ್ದು ಒಂದೇ: ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಎಲ್ಲರೆದುರು ತಟ್ಟೆಯಲ್ಲಿ ಎಲೆ ಅಡಿಕೆ ಬದಲಾಯಿಸಿಕೊಂಡರೆ ಆಯಿತು, ಮಾತು ಗಟ್ಟಿ.

ಆ ಹೆಣ್ಣಿನ ಅಪ್ಪ, ಅಂದರೆ ನನ್ನ ಮಾವ ಚನ್ನವೀರಯ್ಯನವರು, ಮಠದ ಹೈಸ್ಕೂಲಿನಲ್ಲಿ ಹೆಡ್‌ಮೇಷ್ಟರಾಗಿ ನಿವೃತ್ತರಾದವರು. ಆರಡಿ ಆಳು. ಎದೆಮಟ್ಟ ಬಿಳಿ ಗಡ್ಡ, ಕತ್ತಿನಲ್ಲಿ ರುದ್ರಾಕ್ಷಿ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಉಡುವುದು ಬಿಳಿ ಪಂಚೆ, ಬಿಳಿ ಜುಬ್ಬ, ಬಿಳಿ ಶಲ್ಯ ಮಾತ್ರ. ಅಂಥವು ಆರು ಜೊತೆ. ಮನೆಯಲ್ಲಿ ಶುಭಕಾರ್ಯವಿದ್ದರೆ ಆರೂ ಜೊತೆ ಒಗೆದು, ನೀಲಿ ಹಾಕಿ, ಗಂಜಿ ಕೊಟ್ಟು ತಾರಸಿಯ ಮೇಲೆ ಒಣಹಾಕಬೇಕು. ಅವರು ಬಂದು ಕೈ ಹಿಂದೆ ಕಟ್ಟಿಕೊಂಡು ಪರೀಕ್ಷಾ ಹಾಲಿನಲ್ಲಿ ತಿರುಗಾಡುವ ಹಾಗೆ ತಿರುಗಾಡಿ, ಅತಿ ಬಿಳುಪಾದ ಒಂದು ಜೊತೆಯನ್ನು ಪಾಸ್ ಮಾಡುತ್ತಾರೆ. ಉಳಿದ ಐದು ಫೇಲು.

ಶನಿವಾರ ಸಂಜೆ ಆಫೀಸಿನಿಂದ ಬಂದು ನಾನು ಮೊದಲು ನನ್ನ ಹೊಸ ಕುರ್ತಾ, ದುಪ್ಪಟ್ಟ ಮೆಷಿನ್ನಿಗೆ ಹಾಕಿದೆ. 'ಪ್ರತ್ಯೇಕವಾಗಿ ಒಗೆಯಿರಿ' ಎಂದು ಚೀಟಿ ಹೇಳಿತ್ತು. ದೇವರಾಣೆ ಪ್ರತ್ಯೇಕವಾಗಿಯೇ ಒಗೆದೆ! ತೆಗೆಯುವಾಗ ಫೋನ್ ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕುರ್ತಾ. ದುಪ್ಪಟ್ಟ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಅಲ್ಲೇ ಕೂತಿತ್ತು. ಅದರ ಮೇಲೆ ಮಾವನ ಆರು ಜೊತೆ ಬಿಳಿ ಬಟ್ಟೆ ಸುರಿದು, 'ಬಿಸಿನೀರು' ಒತ್ತಿ, ಜುಮುಕಿ ಹಾಕಿಕೊಂಡು ಫೋಟೋ ತೆಗೆದುಕೊಳ್ಳಲು ಹೋದೆ.

ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದರೆ, ಆರು ಜೊತೆಯೂ ಸುಟ್ಟ ಕಿತ್ತಳೆ! ಶಲ್ಯಗಳಲ್ಲಿ ಮೋಡದಂತೆ ಕಲೆ, ಜುಬ್ಬದ ಬೆನ್ನ ಮೇಲೆ ಭಾರತದ ನಕ್ಷೆ.

"ರೀ, ಬೇಗ ಬನ್ನಿ! ನಿಮ್ಮಪ್ಪನ ಬಟ್ಟೆ!"

ಗಂಡ ಬಂದು ನೋಡಿ, ಒಂದು ನಿಮಿಷ ಮೌನ ಆಚರಿಸಿದರು. ಆಮೇಲೆ ಒಂದೇ ಓಟದಲ್ಲಿ ಪೇಟೆಗೆ ಹೋಗಿ ಹೊಸ ಪಂಚೆ, ಜುಬ್ಬ, ಶಲ್ಯ ತಂದರು. ನನಗೆ ಹೋದ ಜೀವ ಬಂತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಮಾವ ಹೊಸ ಬಟ್ಟೆಯನ್ನು ಒಂದು ಸಲವಾದರೂ ನೀರಿಗೆ ಹಾಕದೆ ಉಡುವವರಲ್ಲ. "ಮೆಷಿನ್ ಸಹವಾಸ ಬೇಡ, ನಾನೇ ಕೈಯಲ್ಲಿ ಅದ್ದಿ ತೆಗೀತೀನಿ," ಎಂದು ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನ ಗಂಡ ಬಟ್ಟೆ ಒಗೆಯಲು ಹೊರಟರು. ಕಣ್ಣು ತುಂಬಿ ಬಂತು ನನಗೆ.

ಮತ್ತೆ ಐದು ನಿಮಿಷಕ್ಕೆ ಬಚ್ಚಲಿನಿಂದ ದನಿ ಬಂತು. "ಪಲ್ಲೂ... ಈ ಬಕೆಟಲ್ಲಿ ಏನಿತ್ತು?"

ಅದರಲ್ಲಿ ನನ್ನ ದುಪ್ಪಟ್ಟವನ್ನು, ಇನ್ನು ಬಣ್ಣ ಬಿಡದಿರಲಿ ಎಂದು ಉಪ್ಪು ನೀರಿನಲ್ಲಿ ನೆನೆಹಾಕಿದ್ದೆ! ಲೈಟ್ ಹಾಕದೆ, ಸೋಪಿನ ನೀರೆಂದು ತಿಳಿದು, ಹೊಸ ಬಟ್ಟೆಯನ್ನು ಅದಕ್ಕೇ ಅದ್ದಿಬಿಟ್ಟಿದ್ದರು.

"ಬಕೆಟ್ ಒಳಗೆ ಬಗ್ಗಿ ನೋಡಬಾರದಿತ್ತಾ?" ಅಂತ ಕೂಗಿದೆ.

"ನೀನು ಡ್ರಮ್ ಒಳಗೆ ಬಗ್ಗಿ ನೋಡಿದ್ಯಾ?"

ಕೇಸು ಅಲ್ಲಿಗೆ ವಜಾ. ಉಪ್ಪು ಬಣ್ಣವನ್ನು ಗಟ್ಟಿಯಾಗಿ ಹಿಡಿಸುತ್ತದೆ ಎಂದು ಕೇಳಿದ್ದೆ. ನಿಜ ಕಣ್ರೀ! ದುಪ್ಪಟ್ಟದಲ್ಲಲ್ಲ, ಪಂಚೆಯಲ್ಲಿ. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ, ಅಷ್ಟು ಸಮವಾಗಿ ಕೂತಿತ್ತು. ಇನ್ನೊಂದು ಜೊತೆ ತರಲು ಗಂಡ ಓಡಿದರು. ಅಷ್ಟರಲ್ಲಿ ಅಂಗಡಿಗಳು ಬಾಗಿಲೆಳೆದಿದ್ದವು. ಬೆಳಿಗ್ಗೆ ಎಂಟೂವರೆಗೇ ಮುಹೂರ್ತ. ಪಕ್ಕದ ಮನೆಯ ವೆಂಕಟೇಶಯ್ಯನವರು ಧಾರಾಳವಾಗಿ ತಮ್ಮ ಜುಬ್ಬ ಕೊಟ್ಟರು. ಅವರು ಐದಡಿಯ ಆಸಾಮಿ. ಆ ಜುಬ್ಬ ನಮ್ಮ ಮಾವನ ಸೊಂಟಕ್ಕೂ ಬರಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಮಾವ ಆ ಕಿತ್ತಳೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಒಗೆದಿದೆ ತಾನೆ? ಹರಿದಿಲ್ಲ ತಾನೆ? ಸಾಕು ಬಿಡಮ್ಮ. ಮಗಳ ವೀಳ್ಯ ಮುಖ್ಯ."

"ಅದನ್ನ ಉಡಬಾರ್ದು ರೀ, ಬುದ್ಧಿಯವರ ಬಣ್ಣ," ಅಂದರು ಅತ್ತೆ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದೇ ಕರೆಯುವುದು.

"ಕಾವಿಗಿಂತ ಒಂದು ಶೇಡ್ ಕಮ್ಮಿ ಅತ್ತೆ," ಎಂದು ಸಮಾಧಾನ ಹೇಳಿದೆ. ಆ ಒಂದು ಶೇಡನ್ನೇ ನಂಬಿ ಭಾನುವಾರ ವ್ಯಾನ್ ಹತ್ತಿದೆವು. ನಾನೂ ನನ್ನ ಪೂರ್ತಿ ಅವತಾರದಲ್ಲೇ ಇದ್ದೆ. ಇಷ್ಟೆಲ್ಲಾ ಅನಾಹುತ ಮಾಡಿದ ಬಟ್ಟೆಯನ್ನು ಉಡದೆ ಬಿಟ್ಟರೆ ಅನಾಹುತಕ್ಕೇ ಅವಮಾನವಲ್ಲವೇ?

ಗುಬ್ಬಿಯ ಛತ್ರದ ಬಾಗಿಲಲ್ಲಿ ಹುಡುಗನ ಅಜ್ಜಿ ಗುರುಸಿದ್ದಮ್ಮ ಬಿಳಿ ಸೀರೆ ಉಟ್ಟು ಕೂತಿದ್ದರು. ಎರಡು ಕಣ್ಣಿಗೂ ಪೊರೆ. ಶಾಸ್ತ್ರಕ್ಕೆ ಬುದ್ಧಿಯವರನ್ನು ಕರೆಸಲೇಬೇಕೆಂದು ಹದಿನೈದು ದಿನದಿಂದ ಹಠ ಮಾಡಿದ್ದರಂತೆ. ಬುದ್ಧಿಯವರು ಪರಸ್ಥಳದಲ್ಲಿದ್ದಾರೆ, ಬರಲಾಗುವುದಿಲ್ಲ ಎಂದು ಮನೆಯವರು ಹೇಳಿದ್ದರಂತೆ. ಅಂಥ ಅಜ್ಜಿಯ ಎದುರಿಗೆ ವ್ಯಾನ್ ಬಾಗಿಲು ತೆರೆಯಿತು. ಮೊದಲು ಇಳಿದಿದ್ದು ಆರಡಿ, ಬಿಳಿ ಗಡ್ಡ, ರುದ್ರಾಕ್ಷಿ, ವಿಭೂತಿ, ಅಡಿಯಿಂದ ಮುಡಿಯವರೆಗೆ ಸುಟ್ಟ ಕಿತ್ತಳೆ!

"ಅಯ್ಯೋ ನನ್ ತಂದೆ! ಬುದ್ಧಿ ಬಂದವ್ರೆ! ಬರಲ್ಲ ಅಂದ್ರಲ್ಲೋ ಪಾಪಿಗಳಾ!"

ಅಜ್ಜಿ ನೆಲಕ್ಕೆ ಹಣೆ ಹಚ್ಚಿದರು. ಅವರ ಹಿಂದಿದ್ದವರು ಬಿದ್ದರು, ಅವರ ಹಿಂದಿದ್ದವರೂ ಬಿದ್ದರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಬಿದ್ದರು. ಮಾವ ಗಾಬರಿಯಾಗಿ, "ತಾಯೀ, ನಾನು..." ಅಂದರು.

"ಮಾತಾಡ್ಬೇಡಿ ಬುದ್ಧಿ, ದಣಿದಿದೀರಿ!"

ನಾಲ್ಕು ಜನ ಎತ್ತಿಕೊಂಡು ಹೋದಂತೆ ಕರೆದುಕೊಂಡು ಹೋಗಿ, ವೇದಿಕೆಯ ಮೇಲೆ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿದರು. ಪಾದಪೂಜೆಗೆ ತಾಮ್ರದ ಬೋಗುಣಿಯಲ್ಲಿ ನೀರು ಬಂತು. ಮೊದಲ ಎರಡು ನಿಮಿಷ ಮಾವ ಬೇಡ ಬೇಡ ಅಂದರು. ಮೂರನೆಯ ನಿಮಿಷಕ್ಕೆ ಒಬ್ಬರು ಕೈಮುಗಿದು, "ಬುದ್ಧಿ, ಮಗ ಓದ್ತಾನೇ ಇಲ್ಲ," ಅಂದರು ನೋಡಿ, ಅವರೊಳಗಿನ ಹೆಡ್‌ಮೇಷ್ಟರು ಎದ್ದು ಕೂತರು.

"ದಿನಾ ಬೆಳಿಗ್ಗೆ ಐದಕ್ಕೆ ಎಬ್ಬಿಸಿ. ಹತ್ತೊಂಬತ್ತರ ಮಗ್ಗಿ ಹೇಳಿಸಿ."

"ಹತ್ತೊಂಬತ್ತರ ಮಗ್ಗಿ!" ಎಂದು ಇಡೀ ಛತ್ರ ಭಕ್ತಿಯಿಂದ ನಿಟ್ಟುಸಿರು ಬಿಟ್ಟಿತು.

"ಮೂವತ್ತೆಂಟು ವರ್ಷದಿಂದ ತರಕಾರಿ ತನ್ನಿ ಅಂದ್ರೆ ಕೇಳದೋರು," ಎಂದು ಅತ್ತೆ ಹಲ್ಲು ಕಡಿದರು. "ಇವರ ಕಾಲಿಗೆ ಊರೆಲ್ಲಾ ಬೀಳ್ತಾ ಇದೆ!"

ಅಷ್ಟರಲ್ಲಿ ಒಬ್ಬಾಕೆ ನನ್ನ ಕಾಲಿಗೂ ಬಿದ್ದರು. "ಮಾತಾಜಿ, ಆಶೀರ್ವಾದ ಮಾಡಿ." ಎದ್ದು ನನ್ನ ಮುಖ ನೋಡಿ ಪಕ್ಕದವರ ಕಿವಿಯಲ್ಲಿ ಹೇಳಿದರು. "ಈಗಿನ ಮಾತಾಜಿಯರು ಲಿಪ್‌ಸ್ಟಿಕ್ಕೂ ಹಾಕ್ತಾರೆ ಕಣೇ."

ಆಗ ಗಂಡಿನ ಅಪ್ಪ ಶಿವರುದ್ರಯ್ಯನವರು ಎಲೆ ಅಡಿಕೆಯ ತಟ್ಟೆ ಹಿಡಿದು ಬಂದರು. ಹೆಗಲ ಮೇಲೆ ಹಾಲಿನಂಥ ಬಿಳಿ ಶಲ್ಯ. "ಎಲ್ಲಿ ನಮ್ಮ ಬೀಗರು? ಮುಹೂರ್ತಕ್ಕೆ ಹತ್ತೇ ನಿಮಿಷ ಇದೆ!" ನನ್ನ ಗಂಡ ತಲೆ ತಗ್ಗಿಸಿ ವೇದಿಕೆಯ ಕಡೆ ಬೆರಳು ತೋರಿಸಿದರು. ಶಿವರುದ್ರಯ್ಯನವರು ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ತಟ್ಟೆ ಕೆಳಗಿಟ್ಟರು.

"ಬೀಗರು ಸನ್ಯಾಸ ತಗೊಂಡ್ಬಿಟ್ರಾ? ಹೋದ ವಾರ ಫೋನಲ್ಲಿ ಮಾತಾಡಿದಾಗ್ಲೂ ಹೇಳಲಿಲ್ವಲ್ರೀ! ಸಂಸಾರ ಬಿಟ್ಟೋರ ಹತ್ರ ನಾನು ವೀಳ್ಯ ಹೆಂಗ್ ಬದಲಾಯಿಸ್ಕೊಳ್ಳಿ? ನಾಳೆ ಧಾರೆ ಎರೆಯೋರು ಯಾರು? ಇದು ಆಗೋ ಮಾತಲ್ಲ!"

ಛತ್ರ ಗಕ್ಕನೆ ನಿಂತಿತು. ಉದಯಕುಮಾರ್ ಬಿಳಿಚಿಕೊಂಡ. ಅಕ್ಷತಾ ನನ್ನ ಕೈ ಹಿಡಿದುಕೊಂಡಳು. "ಅತ್ತಿಗೆ, ಒಂದು ವರ್ಷ ಬೇಡಿಕೊಂಡಿದೀನಿ. ಒಂದು ದುಪ್ಪಟ್ಟಕ್ಕೆ ಹೋಗ್ಬಿಡುತ್ತಾ?"

ಆ ಮಾತಿಗೆ ನನ್ನ ಸ್ಟೈಲು, ಠೀವಿ ಎಲ್ಲಾ ಇಳಿದುಹೋಯಿತು. ವೇದಿಕೆ ಹತ್ತಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಸನ್ಯಾಸ ಅಲ್ಲ! ನನ್ನ ಬಟ್ಟೆ ಬಣ್ಣ ಬಿಟ್ಟಿದ್ದು! ಮೆಷಿನ್ನಲ್ಲಿ ನಾನು, ಬಕೆಟ್ಟಲ್ಲಿ ನಮ್ಮನೆಯವರು!"

"ಸುಮ್ನಿರಮ್ಮ," ಅಂದರು ಶಿವರುದ್ರಯ್ಯ. "ಇಷ್ಟು ಸಮವಾಗಿ ಯಾವ ಬಟ್ಟೆ ಬಣ್ಣ ಬಿಡುತ್ತೆ? ನೀನೂ ಅದನ್ನೇ ಉಟ್ಟಿದೀಯ. ಮನೆಗೆ ಮನೆಯೇ ಹೊರಟಿದೀರಾ ಹೆಂಗೆ?"

ಇನ್ನು ಮಾತಿನಿಂದ ಆಗುವುದಿಲ್ಲ. ದುಪ್ಪಟ್ಟ ಎಳೆದುಕೊಂಡೆ, ಪಾದಪೂಜೆಯ ಬೋಗುಣಿಗೆ ಅದ್ದಿದೆ, ಕೆಳಗಿಳಿದು ಶಿವರುದ್ರಯ್ಯನವರ ಬಿಳಿ ಶಲ್ಯದ ಮೇಲೆ ಹಿಡಿದು ಬಲವಾಗಿ ಹಿಂಡಿದೆ! ಎರಡು ಸಲ ಒಗೆಸಿಕೊಂಡು, ಉಪ್ಪು ನೀರು ಕುಡಿದಿದ್ದ ಆ ದುಪ್ಪಟ್ಟ ನನ್ನ ಮಾನ ಕಾಯಿತು. ಎಲ್ಲರ ಕಣ್ಣೆದುರಿಗೇ ಗಂಡಿನ ಅಪ್ಪನ ಎಡ ಹೆಗಲಿಂದ ಕಾವಿ ಇಳಿಯತೊಡಗಿತು.

ಗುರುಸಿದ್ದಮ್ಮಜ್ಜಿ ಬಾಯಿ ತೆರೆದರು. "ಹಂಗಾದ್ರೆ ನಾನು ಬೀಗರ ಕಾಲಿಗೆ ಬಿದ್ನೇನ್ರೋ?"

ಮಾವ ಕುರ್ಚಿಯಿಂದ ಇಳಿದು ಬಂದು, ಆ ಎಪ್ಪತ್ತೆಂಟರ ಅಜ್ಜಿಯ ಪಾದ ಮುಟ್ಟಿದರು. "ಈಗ ನನ್ನ ಸರದಿ ತಾಯಿ. ಆಶೀರ್ವಾದ ಮಾಡಿ."

ಮೊದಲು ನಕ್ಕಿದ್ದು ಅಜ್ಜಿ. ಆಮೇಲೆ ಛತ್ರಕ್ಕೆ ಛತ್ರವೇ ನಕ್ಕಿತು. ಕಡೆಗೆ ಶಿವರುದ್ರಯ್ಯನವರೂ ನಕ್ಕರು, ಶಲ್ಯ ಹಿಂಡಿಕೊಳ್ಳುತ್ತಾ. ಮುಹೂರ್ತಕ್ಕೆ ಎರಡು ನಿಮಿಷ ಉಳಿದಿರುವಾಗ ಪೂರ್ತಿ ಕಾವಿಯ ಅಪ್ಪ, ಅರ್ಧ ಕಾವಿಯ ಅಪ್ಪ ಎಲೆ ಅಡಿಕೆ ಬದಲಾಯಿಸಿಕೊಂಡರು. ಅಕ್ಷತಾ ಅತ್ತಳು, ನಾನೂ ಅತ್ತೆ. ಕಣ್ಣೊರೆಸಿಕೊಳ್ಳಲು ದುಪ್ಪಟ್ಟ ಎತ್ತಿದಾಗ ನನ್ನ ಗಂಡ ಓಡಿಬಂದು ಕೈ ಹಿಡಿದರು. "ಮುಖಕ್ಕೆ ಬೇಡ ಕಣೇ!"

ಮೂರು ವಾರ ಕಳೆಯಿತು. ಮದುವೆ ಸೀರೆ ಆರಿಸಲು ಬೀಗರ ಮನೆಗೆ ಹೋಗಬೇಕಾಯಿತು. ಕ್ರೀಮ್ ಕುರ್ತಾ, ಕ್ರೀಮ್ ದುಪ್ಪಟ್ಟ, ಬಿಸ್ಕತ್ತು ಬಣ್ಣದ ಬ್ಯಾಗು ಹಾಕಿಕೊಂಡು ಹೊರಟೆ. ಅವರ ಮನೆಯ ಗೋಡೆಯೂ ಕ್ರೀಮ್. ಯಾರಿಗೂ ಕಾಣಿಸದೆ ಒಂದು ಮೂಲೆಯಲ್ಲಿ ಕೂತು ಬರೋಣ ಎಂದು ಎಷ್ಟು ಆಸೆಪಟ್ಟೆನೋ!

ಹಜಾರದ ಆ ತುದಿಯಲ್ಲಿ ಗುರುಸಿದ್ದಮ್ಮಜ್ಜಿ ಬೆಂಚಿನ ಮೇಲೆ ಕೂತಿದ್ದರು. ಪೊರೆ ಇನ್ನೂ ತೆಗೆಸಿರಲಿಲ್ಲ. ಸ್ವಂತ ಮೊಮ್ಮಗ ಎದುರಿಗೆ ಬಂದರೂ "ಯಾರಪ್ಪಾ?" ಎಂದು ಕೇಳುವ ಆ ಅಜ್ಜಿ, ನಾನು ಹೊಸಿಲು ದಾಟುತ್ತಲೇ ತಲೆ ಎತ್ತಿದರು.

"ಓ, ಪಲ್ಲವಿ! ಬಾರವ್ವಾ ಬಾ," ಎಂದರು. ನನ್ನ ಎದೆ ಅರಳಿತು.

ಅಜ್ಜಿ ತಮ್ಮ ಬಿಳಿ ಸೆರಗನ್ನು ಎರಡೂ ಕೈಯಲ್ಲಿ ಬಾಚಿ ಮಡಿಲೊಳಗೆ ತುರುಕಿಕೊಂಡರು.

"ಅಲ್ಲೇ ಕೂತ್ಕೋ."