ಕುತ್ತಿಗೆ ಓದುವ ಮಾವ

ಕೈ ನೋಡಿ ಭವಿಷ್ಯ ಹೇಳುವವರು ನಮ್ಮ ಕಡೆ ಊರಿಗೊಬ್ಬರಿದ್ದಾರೆ. ಕುತ್ತಿಗೆ ನೋಡಿ ಆಯುಷ್ಯ ಹೇಳುವವರು ಮಾತ್ರ, ಭಟ್ಕಳದಿಂದ ಕುಮಟೆಯವರೆಗೆ ಹುಡುಕಿದರೂ, ನನ್ನ ಸೋದರಮಾವ ಒಬ್ಬರೇ!

ಗಾಬರಿಯಾಗಬೇಡಿ. ಅವರು ಓದುತ್ತಿದ್ದದ್ದು ಸಿಲಿಂಡರಿನ ಕುತ್ತಿಗೆಯನ್ನು. ಹೊನ್ನಾವರದ ಐಸ್ ಫ್ಯಾಕ್ಟರಿಯೊಂದರಲ್ಲಿ ಅವರು ಸ್ಟೋರ್‌ಕೀಪರ್. ಮೀನಿಗೆ ಹಾಕುವ ಐಸ್ ಹೆಪ್ಪುಗಟ್ಟಬೇಕಾದರೆ ಅಮೋನಿಯಾ ಅನಿಲ ಬೇಕು. ಅದು ಓಡಾಡುವುದು ಆಳೆತ್ತರದ ಉಕ್ಕಿನ ಸಿಲಿಂಡರುಗಳಲ್ಲಿ. ಒಡೆಯರಿಗೆ ಭಟ್ಕಳದಲ್ಲೊಂದು, ಕುಮಟೆಯಲ್ಲೊಂದು ಫ್ಯಾಕ್ಟರಿ ಬೇರೆ ಇದ್ದುದರಿಂದ, ಯಾವ ಸಿಲಿಂಡರ್ ಲಾರಿ ಹತ್ತಬಹುದು, ಯಾವುದು ಹತ್ತಕೂಡದು ಎಂದು ತೀರ್ಮಾನಿಸುವುದೇ ಮಾವನ ಉದ್ಯೋಗ. ಪ್ರತಿ ಸಿಲಿಂಡರಿನ ಕುತ್ತಿಗೆಯ ಸುತ್ತ ಅಕ್ಷರ, ಅಂಕೆ ಒತ್ತಿರುತ್ತಾರೆ: ಯಾವ ಅನಿಲಕ್ಕೆ ಮಾಡಿದ್ದು, ಎಷ್ಟು ಒತ್ತಡ ತಡೆದೀತು, ಕೊನೆಯ ಪರೀಕ್ಷೆ ಯಾವಾಗ ಆಯಿತು. ಮಾವ ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಆ ಅಂಕೆಗಳನ್ನು ಬೆರಳಿನಿಂದ ಸವರಿ ಓದುವರು. ಅವಧಿ ಮೀರಿದ್ದರೆ ಫೇಲು. ವಾಲ್ವಿನ ಮೇಲಿನ ಟೊಪ್ಪಿ ಕಳೆದಿದ್ದರೆ ಫೇಲು. ಎಲ್ಲ ಸರಿಯಿದ್ದರೆ ಮಾತ್ರ ಮೂಗಿನಿಂದ ಒಂದು ರಾಗ ಹೊರಡುತ್ತಿತ್ತು: "ಆತು, ಪಾಸು. ಏರ್ಸಿ."

ನಾನು ಬಿ.ಕಾಂ.ನಲ್ಲಿ ಎರಡು ಸಲ ಫೇಲಾದಾಗ ಮನೆಯವರೆಲ್ಲ ಬೈದರು. ಮಾವ ಮಾತ್ರ, "ಫೇಲಾದ್ದು ಅಂತ ಬರ್ದು ಹೇಳಿದ್ರಲ್ಲ, ಅದು ಒಳ್ಳೇದು. ಸುಳ್ಳು ಪಾಸ್ ಆದ್ರೇ ಅಪಾಯ" ಎಂದು ಸಮಾಧಾನ ಮಾಡಿದರು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಒಮ್ಮೆ ಮುರ್ಡೇಶ್ವರಕ್ಕೆ ಹೋದಾಗ ಸೆಕೆ ತಡೆಯಲಾರದೆ ಸೋಡಾ ಅಂಗಡಿಗೆ ನುಗ್ಗಿದೆವು. ನಾನು ಬೆಂಚಿನ ಮೇಲೆ ಕೂತೆ. ಮಾವ ಕೂರಲಿಲ್ಲ. ಗಲ್ಲಾದ ಹಿಂದೆ ಹೋಗಿ, ಸೋಡಾಕ್ಕೆ ಅನಿಲ ತುಂಬುವ ಸಿಲಿಂಡರಿನ ಎದುರು ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು.

"ನಿಮ್ಗೆ ಎಂತ ಬೇಕು, ಸೋಡಾನಾ ಸಿಲಿಂಡರಾ?" ಅಂಗಡಿಯವ ಕೇಳಿದ.

"ಇದ್ರ ಪರೀಕ್ಷೆ ಅವಧಿ ಮುಗ್ದು ಮೂರು ವರ್ಷ ಆತಲ್ಲ ಮಾರಾಯ. ನೀನು ದಿನಾ ಇದ್ರ ಬಗಲಲ್ಲೇ ಕೂತ್ಕಳ್ತೆ?"

"ಕೂತ್ಕಳ್ದೆ ಎಂತ ಮಾಡೂದು? ಅಂಗಡಿ ಇರೂದೇ ಇಷ್ಟು."

ಮಾವ ನನ್ನ ರಟ್ಟೆ ಹಿಡಿದು ಹೊರಗೆಳೆದರು. ನನ್ನ ಸೋಡಾ ಅರ್ಧ ಹೊಟ್ಟೆಯಲ್ಲಿ, ಅರ್ಧ ಅಂಗಿಯ ಮೇಲೆ!

ಇಂಥ ಮಾವನನ್ನು ಅಣಕಿಸದೆ ಬಿಡಲು ನಾನೇನು ಸನ್ಯಾಸಿಯೇ? ಊರಿನಲ್ಲಿ ನಾನು ಅಣಕಿಸದವರಿಲ್ಲ. ಬಸ್ ಏಜೆಂಟ್, ಬಂದರಿನ ಕ್ಲಾರ್ಕು, ನನ್ನ ಅಪ್ಪ, ಯಾರ ದನಿ ಬೇಕಾದರೂ ನನ್ನ ಗಂಟಲಲ್ಲಿ ಬಾಡಿಗೆಗಿತ್ತು. ಮಾವನದಂತೂ ಕಾಯಂ ಬಿಡಾರ. ಅವರ ಮನೆಯ ಜಗಲಿಯಲ್ಲಿ ನಿಂತು ಮೂಗಿನಿಂದ, "ಚಾ ಆತನೇ?" ಎಂದರೆ ಸಾಕು, ಅತ್ತೆ ಒಳಗಿನಿಂದ ಲೋಟ ಹಿಡಿದು ಬಂದು, ನನ್ನ ಮುಖ ಕಂಡು, "ನಿನ್ನ ನಾಲಿಗೆ ಸುಟ್ಟೋಗ್ಲಿ" ಎಂದು ಹರಸಿ, ಚಹಾ ಕೊಟ್ಟೇ ಹೋಗುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಆಯುಧಪೂಜೆಗೆ ಮಾವ ಮೂರು ದಿನ ರಜೆ ಹಾಕಿದ್ದರು. ಮಳೆಗಾಲ ಮುಗಿದು ಬೋಟು ನೀರಿಗಿಳಿಸುವ ಮುಂಚೆ ಬಣ್ಣ ಬಳಿಯುವುದು ನಮ್ಮವರ ಪದ್ಧತಿ. ಉಳಿದ ಬಣ್ಣವನ್ನು ಚೆಲ್ಲುವುದು ನಮ್ಮವರ ಪದ್ಧತಿಯಲ್ಲ. ಫ್ಯಾಕ್ಟರಿಯ ಹಮಾಲರು, ದೇವರಿಗೆ ಚಂದ ಕಾಣಲಿ ಎಂದು, ಸ್ಟೋರಿನಲ್ಲಿದ್ದ ಅಷ್ಟೂ ಸಿಲಿಂಡರುಗಳಿಗೆ ಬೋಟಿನ ನೀಲಿ ಬಣ್ಣವನ್ನು ಅಡಿಯಿಂದ ಮುಡಿಯವರೆಗೆ ಎರಡೆರಡು ಕೈ ಬಳಿದು, ಹಳದಿ ಗೆರೆ ಎಳೆದು, ಕುಂಕುಮ ಇಟ್ಟು, ಹೂ ಮುಡಿಸಿದರು.

ರಜೆ ಮುಗಿಸಿದ ಮಾವನ ಜೊತೆ ಅಂದು ನಾನೂ ಫ್ಯಾಕ್ಟರಿಗೆ ಹೋಗಿದ್ದೆ. ಮಾವ ಬಾಗಿಲಲ್ಲೇ ಕಂಬವಾದರು. ಕುತ್ತಿಗೆಯ ಅಂಕೆಗಳೆಲ್ಲ ಬಣ್ಣದಡಿ ಮುಚ್ಚಿಹೋಗಿದ್ದವು. ಅಮೋನಿಯಾಕ್ಕಿರಬೇಕಾದ ಕಪ್ಪು ಮೈ ಇಲ್ಲ. ಫೇಲಾದವಕ್ಕೆ ಅವರು ಹಾಕಿದ್ದ ಸುಣ್ಣದ ಗುರುತೂ ಇಲ್ಲ. ಪಾಸು, ಫೇಲು, ತುಂಬಿದ್ದು, ಬರಿದಾದದ್ದು, ಎಲ್ಲವೂ ಮದುಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

"ಚಂದ ಆತು ಅಲ್ದಾ?" ಹಮಾಲ ಜಟ್ಟಪ್ಪ ಹಲ್ಲು ಬಿಟ್ಟ.

ಮಾವ ಬಾಯಿ ತೆರೆದರು. ದನಿ ಬರಲಿಲ್ಲ. ನಾನು ಅಣಕಿಸಲಾಗದ ಮಾವನನ್ನು ಕಂಡದ್ದು ಅಂದೇ ಮೊದಲು.

ಅದೇ ಹೊತ್ತಿಗೆ ಕುಮಟೆಯಿಂದ ಫೋನ್ ಬರಬೇಕೇ? ಅಲ್ಲಿ ಅನಿಲ ಸಾಲದೆ ಐಸ್ ಕಟ್ಟುತ್ತಿಲ್ಲ. ಬೋಟುಗಳು ಬಂಗಡೆ ತುಂಬಿಕೊಂಡು ದಡಕ್ಕೆ ಬಂದಿವೆ. ಮಧ್ಯಾಹ್ನದೊಳಗೆ ಆರು ಸಿಲಿಂಡರ್ ತಲುಪದಿದ್ದರೆ ಮೀನೆಲ್ಲ ಗೊಬ್ಬರ. ಬಂದವುಗಳಲ್ಲಿ ನಮ್ಮಣ್ಣನ ಬೋಟೂ ಒಂದು. ಅವಸರ ಮಾಡಿಸಲು ನಾನೂ ಅಲ್ಲೇ ಉಳಿದೆ. ಮಾವ ನೆಲದ ಮೇಲೆ ಕೂತು ಮೀನಿನ ಚೂರಿಯಿಂದ ಒಂದೊಂದೇ ಕುತ್ತಿಗೆಯ ಬಣ್ಣ ಕೆರೆಯುತ್ತಿದ್ದರು. ಗಂಟೆಗೆ ಎರಡು ಕುತ್ತಿಗೆ! ಲಾರಿ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.

ಮತ್ತೆ ಫೋನ್ ಬಂತು. ಮಾವ ಎದ್ದು ಆಫೀಸಿನೊಳಗೆ ಹೋದರು. ತೂಕ ನೋಡಿ ತುಂಬಿದ್ದೆಂದು ಆರಿಸಿಟ್ಟ ಆರರಲ್ಲಿ ಎರಡು ಪಾಸಾಗಿದ್ದವು; ಕೆರೆಯದ ನಾಲ್ಕು ಸಿಲಿಂಡರ್ ನನ್ನ ಮುಂದೆ. ಹಮಾಲರು ಗೋಡೆಯಾಚೆ ಬೀಡಿ ಸೇದುತ್ತಿದ್ದರು. ನನ್ನ ಮೂಗು ತಾನಾಗಿಯೇ ಹಾಡಿತು: "ಆತು, ಪಾಸು. ಎಲ್ಲಾ ಏರ್ಸಿ."

ಯಾರಾದರೂ ನಗಲಿ ಎಂದು ಅಂದದ್ದಲ್ಲ, ಸುಳ್ಳು ಹೇಳಲಾರೆ. ಬಂಗಡೆ ಉಳಿಯಲಿ ಎಂದೇ ಅಂದದ್ದು. ನಾನು ಕಂಬದ ಮರೆಗೆ ಸರಿದೆ. ಹಮಾಲರು ಬಂದು ಏರಿಸಿದರು. ಲಾರಿ ಹೋಯಿತು.

ಮಾವ ಹೊರಬಂದು ಬರಿದಾದ ನೆಲ ನೋಡಿದರು.

"ಯಾರು ಹೇಳಿದ್ದು?"

"ನೀವೇ ಅಲ್ದಾ ಹೇಳಿದ್ದು? ನಾನು ಕಿವಿಯಾರೆ ಕೇಳಿದೆ," ಎಂದ ಬಾಗಿಲಲ್ಲಿದ್ದ ಕಾವಲುಗಾರ.

"ನಾನು ಹೇಳಿದ್ನಾ?"

ಆ ಮುಖ ಈಗಲೂ ನನ್ನ ಕಣ್ಣಿಂದ ಹೋಗಿಲ್ಲ. ಸಿಟ್ಟಲ್ಲ. ತನ್ನ ತಲೆಯ ಮೇಲೇ ತನಗೆ ಅನುಮಾನ ಬಂದವನ ಮುಖ.

ಮೀನಿನ ಟೆಂಪೋ ಹತ್ತಿ ಬೆನ್ನಟ್ಟಿದೆವು. ಹಳದೀಪುರದ ಚಾ ಅಂಗಡಿಯ ಎದುರು ಲಾರಿ ನಿಂತಿತ್ತು. ಇಳಿಯುವ ಮೊದಲೇ ವಾಸನೆ ಬಡಿಯಿತು, ಮೂಗಿನೊಳಗೆ ಮೆಣಸು ಅರೆದಂತೆ. ಲಾರಿಯ ಹಿಂದೆ ಕೂತು ಬಂದಿದ್ದ ಜಟ್ಟಪ್ಪ ಕಣ್ಣು ಮುಚ್ಚಿಕೊಂಡು ಕೆಮ್ಮುತ್ತ ರಸ್ತೆಯಲ್ಲಿ ಉರುಳುತ್ತಿದ್ದ. ಮಾವ ಜನರನ್ನೆಲ್ಲ ಗಾಳಿ ಬರುವ ಕಡೆಗೆ ಓಡಿಸಿದರು. ಹೆಗಲ ಮೇಲಿನ ಪಂಜಿಯನ್ನು ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡು, ಸ್ಪ್ಯಾನರ್ ಹಿಡಿದು, ಐವತ್ತೆರಡರ ಪ್ರಾಯದಲ್ಲಿ ಲಾರಿ ಹತ್ತಿದರು. ಅವರು ವಾಲ್ವ್ ಬಿಗಿದು ಕೆಳಗಿಳಿದರು. ಸೋರಿದ್ದು ಕೆರೆಯದ ನಾಲ್ಕರಲ್ಲಿ ಒಂದು, ಹಿಂದೆಯೇ ಫೇಲಾಗಿದ್ದದ್ದು. ಜಟ್ಟಪ್ಪನ ಕಣ್ಣಿಗೆ ಕೊಡಗಟ್ಟಲೆ ನೀರು ಸುರಿದು ಆಸ್ಪತ್ರೆಗೆ ಒಯ್ದರು. ಕಣ್ಣು ಉಳಿಯಿತು.

ಮರಳುವಾಗ ಮಾವ ಟೆಂಪೋದಲ್ಲಿ ಮೆಲ್ಲಗೆ ಕೇಳಿದರು: "ತಮಾ, ನಾನು ಹೇಳಿದ್ದು ನಂಗೇ ನೆನಪಿಲ್ಲ. ನಂಗೆ ಮರುಳು ಹಿಡೀತಾ ಅದ್ಯನಾ?"

ಊರಿನ ಎಲ್ಲರ ದನಿ ಬಲ್ಲ ನಾನು ತುಟಿ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಒಡೆಯರು ಭಟ್ಕಳದಿಂದ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ.

"ಪಾಸ್ ಮಾಡಿದ್ದು ಯಾರು?"

"ನಾನೇ ಒಡೇರೇ," ಎಂದರು ಮಾವ. "ನನ್ನ ಮಾತು ನಂಬ್ಕಂಡೇ ಅವ್ರು ಏರ್ಸಿದ್ದು."

ಒಡೆಯರು ಕೈ ಚಾಚಿದರು. "ಸ್ಟೋರಿನ ಬೀಗದ ಕೈ ಕೊಡು. ನಾಳೆಯಿಂದ ಬರೂದು ಬೇಡ."

ಬೀಗದ ಕೈ ಇದ್ದದ್ದು ಮಾವನ ಉಡಿದಾರದಲ್ಲಿ. ಹತ್ತೊಂಬತ್ತು ವರ್ಷದ ಗಂಟು. ಬೆರಳಿಗೆ ಬಿಡಿಸಲು ಬರುತ್ತಿರಲಿಲ್ಲ. ಅದನ್ನು ನೋಡಲಾರದೆ ಬಾಗಿಲಲ್ಲಿದ್ದ ನಾನು ಒಳಗೆ ಕಾಲಿಟ್ಟೆ.

"ಒಡೇರೇ, ಮಾವ ಹೇಳಿದ್ದಲ್ಲ. ಅವ್ರ ದನಿ ಮಾಡಿ ನಾನು ಹೇಳಿದ್ದು."

ಹೊರಬಿದ್ದ ದನಿ ತೆಳ್ಳಗೆ, ಒಡಕಲಾಗಿ, ನಡುಗುತ್ತಿತ್ತು. ನನಗೇ ಅದರ ಪರಿಚಯವಿರಲಿಲ್ಲ. ಹಮಾಲರು ಮುಖ ಮುಖ ನೋಡಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ.

"ಇದ್ಯಾರ ದನಿ ಮಾಡ್ತಾ ಇದ್ಯಾ ಈಗ?" ಒಡೆಯರು ಗದರಿದರು. "ಮಾವನ್ನ ಉಳ್ಸೂಕೆ ನನ್ನ ಮುಂದೆ ನಾಟಕ ಬೇಡ."

ಮಾವನ ಬೆರಳು ಗಂಟಿನ ಮೇಲೇ ನಿಂತಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ನಾಟಕ ಅಲ್ಲ ಒಡೇರೇ," ಎಂದರು. "ಅದು ಅವಂದೇ ದನಿ. ಸಣ್ಣಿರುವಾಗ ಹೆದ್ರಿಕೆ ಆದ್ರೆ ನನ್ನ ಹತ್ರ ಹೀಗೇ ಮಾತಾಡ್ತಿದ್ದ."

ಒಡೆಯರು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.