ಅರವತ್ತರ ಓಡ್ವಾರನೂ ಹದಿನೆಂಟು ಮೀಟರಿನ ರಾಕೆಟ್ಟೂ

"ಇವತ್ತು ಸಾಯಂಕಾಲದೊಳಗೆ ಈ ಮನೇಲಿ ದೊಡ್ಡವರು ಯಾರು ಅನ್ನೋದು ಇತ್ಯರ್ಥ ಆಗ್ಲೇಬೇಕು! ನಾನಾ, ಆ ಹದಿನೆಂಟು ಮೀಟರಿನ ಕೊಳವೆಯಾ?"

ಅಡುಗೆಮನೆಯ ನಡುವೆ ನಿಂತು ಹೀಗೆ ಗರ್ಜಿಸಿದವನು ಮೀನುಗಾರ ಓಡ್ವಾರ್. ಕೇಳಿಸಿಕೊಂಡದ್ದು ಕಾಫಿ ಪಾತ್ರೆಯೊಂದೇ. ಹೆಂಡತಿ ಟೋರ್ಡಿಸ್ ಬೆಳಗ್ಗೆ ಏಳಕ್ಕೇ ದುರ್ಬೀನನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟುಹೋಗಿದ್ದಳು. ಅವಳು ಮನೆಯಲ್ಲಿದ್ದಾಗ ಗರ್ಜಿಸುವ ಅಭ್ಯಾಸ ಓಡ್ವಾರನಿಗೆ ಇರಲೂ ಇಲ್ಲ.

ನಾರ್ವೆಯ ಉತ್ತರದ ತುದಿಯ ಆ ದ್ವೀಪದಲ್ಲಿ ನಾಲ್ಕು ವರ್ಷದ ಹಿಂದಿನವರೆಗೆ ಆಕಾಶಕ್ಕೆ ಏರುತ್ತಿದ್ದದ್ದು ಎರಡೇ: ಕಡಲಹಕ್ಕಿ ಮತ್ತು ಒಣಮೀನಿನ ವಾಸನೆ. ಆಮೇಲೆ ಮೂವತ್ತೆಂಟು ಜನರ ಒಂದು ಪುಟ್ಟ ಕಂಪನಿ ಬಂದು, ಟೇರ್ನೆ ಎಂಬ ಹಕ್ಕಿಯ ಹೆಸರಿಟ್ಟ ರಾಕೆಟ್ಟನ್ನು ತಂದು ನಿಲ್ಲಿಸಿತು. ಅಂದಿನಿಂದ ಟೋರ್ಡಿಸ್ ಅರ್ಧ ಮಾತ್ರ ಓಡ್ವಾರನ ಪಾಲಿಗೆ ಉಳಿದಳು. ಮಿಕ್ಕರ್ಧ ಉಡಾವಣಾ ಕಟ್ಟೆಗೆ ಹೋಯಿತು. ಅವಳ ನೀಲಿ ನೋಟ್‌ಬುಕ್ಕಿನಲ್ಲಿ ಆ ಕಂಪನಿಯ ಪ್ರತಿ ಸೀನೂ ಕೆಮ್ಮೂ ದಾಖಲಾಗುತ್ತಿತ್ತು. ‘ಹಿನ್ನಡೆ ಒಂದು. ಕಾರಣ: ಕವಾಟ. ದೋಷ: ಒಳಗೆ ನೀರು. ಪರಿಹಾರ: ಬದಲಿ ಕವಾಟ.’ ‘ಹಿನ್ನಡೆ ಎರಡು. ಕಾರಣ: ಎಂಜಿನ್. ದೋಷ: ಹೊತ್ತಿಕೊಂಡು ತಾನೇ ಆರಿತು. ಪರಿಹಾರ: ಬದಲಿ ಎಂಜಿನ್.’

ಓಡ್ವಾರನಿಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇಕೆ, ಭಯಂಕರ ಹೊಟ್ಟೆಕಿಚ್ಚು! ಹೋಗಲಿ, ಇನ್ನೊಬ್ಬ ಗಂಡಸಿನ ಮೇಲಾದರೆ ಜಗಳವಾಡಬಹುದು, ಕಾಲರ್ ಹಿಡಿಯಬಹುದು. ರಾಕೆಟ್ಟಿಗೆ ಕಾಲರ್ ಎಲ್ಲಿದೆ?

ಮೂರನೇ ಸಲ ರಾಕೆಟ್ಟು ಹನ್ನೊಂದು ಸೆಕೆಂಡು ಏರಿ, ಮನಸ್ಸು ಬದಲಾಯಿಸಿ, ಸಮುದ್ರಕ್ಕೆ ಬಿತ್ತು. ಟೋರ್ಡಿಸ್ ಕಣ್ಣೊರೆಸಿಕೊಂಡಳು. "ಪಾಪ! ಹನ್ನೊಂದು ಸೆಕೆಂಡು ಅಂದ್ರೆ ಸುಮ್ನೆ ಮಾತಾ?" ಎಂದು ಅರವತ್ತು ವಾಫಲ್ ಸುಟ್ಟು, ಜಾಮ್ ಸಮೇತ ಕಂಪನಿಯವರಿಗೆ ಹೊತ್ತುಕೊಂಡು ಹೋದಳು. ಅದೇ ತಿಂಗಳು ಓಡ್ವಾರ್ ದೋಣಿ ನಿಲ್ಲಿಸುವ ಕೊಟ್ಟಿಗೆಯ ಮಾಡಿನಿಂದ ಜಾರಿ ಬಿದ್ದ. ಅವಳು ಓಡಿಬಂದು ಹೇಳಿದ್ದು: "ಅಯ್ಯೋ, ಮಳೆನೀರಿನ ಕೊಳವೆ ಮುರಿದುಬಿಟ್ಯಲ್ಲೋ!"

"ನನಗೂ ಆ ನೋಟ್‌ಬುಕ್ಕಲ್ಲಿ ಒಂದು ಪುಟ ಬರಿ ನೋಡೋಣ," ಎಂದ ಓಡ್ವಾರ್, ಸೊಂಟ ಹಿಡಿದುಕೊಂಡು.

"ನೀನೇನು ಹಾರಿದ್ಯಾ?"

"ಬಿದ್ದೆನಲ್ಲ!"

"ಹಾರದೇ ಬಿದ್ದೋರಿಗೆಲ್ಲ ಪುಟ ಇಲ್ಲ ಮಾರಾಯ."

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ಆದರೆ ಮಾರ್ಚಿನ ಆ ಗುರುವಾರ ನುಂಗಲಾಗಲಿಲ್ಲ. ಅಂದು ಟೇರ್ನೆಯ ನಾಲ್ಕನೇ ಪ್ರಯತ್ನ. ಅಂದೇ ಓಡ್ವಾರನಿಗೆ ಅರವತ್ತು! ಅಲ್ಲಿನ ರೂಢಿಯಂತೆ ಹುಟ್ಟುಹಬ್ಬದವರು ತಾವಾಗಿ ಹಾಸಿಗೆ ಬಿಟ್ಟು ಏಳುವಂತಿಲ್ಲ. ಮನೆಯವರು ಕಾಫಿ ಕೇಕು ಹಿಡಿದು ಬಂದು, ಹಾಡಿ ಎಬ್ಬಿಸಬೇಕು. ಓಡ್ವಾರ್ ಆರಕ್ಕೇ ಎದ್ದು ತಲೆ ಬಾಚಿ, ಮೀಸೆ ತಿದ್ದಿ, ಮತ್ತೆ ಮಲಗಿ ನಿದ್ದೆ ನಟಿಸಿದ. ಹಾಡು ಬರಲಿಲ್ಲ. ಮುಂಬಾಗಿಲು ಧಡ್ ಎಂದಿತು. ಒಂದು ಕಣ್ಣು ತೆರೆದು ಕಿಟಕಿಯಾಚೆ ನೋಡಿದರೆ, ಅಂಗಳದ ಕಂಬದಲ್ಲಿ ಬಾವುಟ ಪಟಪಟ ಹಾರುತ್ತಿತ್ತು.

"ಗಂಡನಿಗೆ ಒಂದು ಹಾಡಿಲ್ಲ, ಕೊಳವೆಗೆ ಬಾವುಟ!"

ಆಗಲೇ ಆ ಗರ್ಜನೆ, ಆಗಲೇ ಆ ಪ್ರತಿಜ್ಞೆ. ಮೂವತ್ತು ಕೆಜಿಯ ಕಾಡ್ ಮೀನನ್ನು ಹಿಡಿದು ತಂದು ಮೇಜಿನ ಮೇಲೆ ಎಸೆಯುವುದು. ಆಕಾಶ ನೋಡುವ ಟೋರ್ಡಿಸ್‌ಳ ಕಣ್ಣನ್ನು ಮೀನಿನ ಮೇಲೂ, ಮೀನಿನಿಂದ ತನ್ನ ಮೇಲೂ ಇಳಿಸುವುದು. ಅಂಥ ಮೀನು ಸಿಗುವ ಜಾಗ ಒಂದಿತ್ತು. ಅಜ್ಜ ಸಾಯುವ ಮುಂಚೆ ಅವನೊಬ್ಬನಿಗೇ ತೋರಿಸಿದ್ದ ಜಾಗ ಅದು. ಟೋರ್ಡಿಸ್‌ಳಿಗೂ ಹೇಳಿರಲಿಲ್ಲ.

ಬುತ್ತಿ ಕಟ್ಟಿಕೊಳ್ಳಲು ಹೋದರೆ ಬ್ರೆಡ್ಡಿತ್ತು, ಕಂದು ಚೀಸಿತ್ತು, ಸುತ್ತುವ ಕಾಗದ ಮುಗಿದಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ರಾಕೆಟ್ ಕಂಪನಿ ಮನೆಮನೆಗೂ ಹಂಚಿದ್ದ ಸೂಚನಾಪತ್ರ ಅಂಟಿಕೊಂಡಿತ್ತು. ಟೋರ್ಡಿಸ್ ಅದರಲ್ಲಿ ಏನನ್ನೋ ಕೆಂಪು ಶಾಯಿಯಲ್ಲಿ ಸುತ್ತುಹಾಕಿದ್ದಳು. ಓಡ್ವಾರ್ ಅದನ್ನು ಓದುವ ಗೋಜಿಗೆ ಹೋಗದೆ ಕಿತ್ತುಕೊಂಡ.

"ಉಪಗ್ರಹ ಹೊರೋಕಾಗದಿದ್ರೆ ನನ್ನ ಬ್ರೆಡ್ಡಾದ್ರೂ ಹೊರು!" ಎಂದು ಅದರಲ್ಲೇ ಬುತ್ತಿ ಸುತ್ತಿದ. ಅವಸರದಲ್ಲಿ ಫೋನನ್ನು ಮೇಜಿನ ಮೇಲೇ ಮರೆತ.

ಅವನ ದೋಣಿಯ ಹೆಸರೂ ಟೋರ್ಡಿಸ್. ಮದುವೆಯಾದ ವರ್ಷ ಪ್ರೀತಿ ಉಕ್ಕಿ, ಬಿಳಿ ಬಣ್ಣದಲ್ಲಿ ತಾನೇ ಬರೆದಿದ್ದ. ಬಂದರು ದಾಟುತ್ತಿದ್ದಂತೆ ದೋಣಿಯ ವೈರ್‌ಲೆಸ್ ಟೇರ್ನೆ ಟೇರ್ನೆ ಎಂದು ಶುರುಮಾಡಿತು. ಇಲ್ಲೂ ಅದೇನಾ! ಕಿವಿ ಹಿಂಡುವ ಹಾಗೆ ಗುಂಡಿ ತಿರುಗಿಸಿ ಬಾಯಿ ಮುಚ್ಚಿಸಿದ.

ಅಜ್ಜನ ಜಾಗದಲ್ಲಿ ಮಧ್ಯಾಹ್ನ ಎರಡೂವರೆಯವರೆಗೂ ಒಂದು ಮೀನೂ ಕಚ್ಚಲಿಲ್ಲ. ಹಸಿವಾಯಿತು. ಬುತ್ತಿ ಬಿಚ್ಚಿದ. ಬ್ರೆಡ್ಡಿನ ಅಡಿಯಲ್ಲಿ, ಚೀಸು ಮೆತ್ತಿಕೊಂಡ ಒಂದು ಸಮುದ್ರ ನಕ್ಷೆ; ನಕ್ಷೆಯಲ್ಲಿ ಒಂದು ಕೆಂಪು ತ್ರಿಕೋನ; ಮೇಲೆ ‘ಮಧ್ಯಾಹ್ನ ಹನ್ನೆರಡರಿಂದ ಮೂರು: ಯಾವ ದೋಣಿಯೂ ಇಲ್ಲಿ ಇರಕೂಡದು’ ಎಂಬ ದಪ್ಪಕ್ಷರ. ಬೆರಳಿನಿಂದ ಚೀಸು ಒರೆಸಿ ನೋಡಿದ. ತ್ರಿಕೋನದ ಸರಿಯಾದ ಹೊಟ್ಟೆಭಾಗದಲ್ಲಿ ಅಜ್ಜನ ಜಾಗವಿತ್ತು!

"ಅಯ್ಯಯ್ಯೋ, ಕೆಟ್ಟೆ!" ಎಂದು ಎಂಜಿನ್ ಕಡೆ ಧಾವಿಸುವಷ್ಟರಲ್ಲಿ ಗಾಳದ ದಾರ ಜಗ್ಗಿತು. ಸಾಮಾನ್ಯ ಜಗ್ಗಲ್ಲ, ದೋಣಿಯೇ ವಾಲುವ ಜಗ್ಗು! ಮೂವತ್ತು ಕೆಜಿಗೆ ಒಂದು ಗ್ರಾಮೂ ಕಡಿಮೆಯಿಲ್ಲ! ಓಡ್ವಾರ್ ಎಂಜಿನ್ನನ್ನು ನೋಡಿದ, ದಾರವನ್ನು ನೋಡಿದ, ದೂರದ ಗುಡ್ಡದ ಬುಡದಲ್ಲಿ ಬೆಳ್ಳಗೆ ನಿಂತ ರಾಕೆಟ್ಟನ್ನು ನೋಡಿದ.

"ನಾನು ನಾಲ್ಕು ವರ್ಷ ಕಾದಿಲ್ವಾ? ಅದು ಹತ್ತು ನಿಮಿಷ ಕಾಯ್ಲಿ," ಎಂದು ದಾರ ಎಳೆಯತೊಡಗಿದ.

ಅಷ್ಟರಲ್ಲಿ ಕರಾವಳಿ ಕಾವಲಿನ ದೋಣಿಯೊಂದು ನೊರೆಯೆಬ್ಬಿಸಿಕೊಂಡು ಬಂತು. ಅದರ ಮೂತಿಯಲ್ಲಿ ಧ್ವನಿವರ್ಧಕ ಹಿಡಿದು ನಿಂತವನು ಸಿವರ್ಟ್, ಟೋರ್ಡಿಸ್‌ಳ ಸ್ವಂತ ತಮ್ಮ.

"ಭಾವಾ! ತಲೆಗಿಲೆ ಕೆಟ್ಟಿದ್ಯಾ ನಿಮಗೆ? ವೈರ್‌ಲೆಸ್ ಯಾಕೆ ಆಫ್ ಮಾಡಿದ್ದೀರಿ?"

"ಸಿವರ್ಟಾ, ಮೀನು ಕಣೋ! ಮೂವತ್ತು ಕೆಜಿ! ಹತ್ತೇ ನಿಮಿಷ!"

"ರಾಕೆಟ್ ಬಿಡೋ ಗಡುವು ಮುಗಿಯೋಕೆ ಇರೋದೇ ಹನ್ನೆರಡು ನಿಮಿಷ! ದಾರ ಕತ್ತರಿಸಿ ಹೊರಡಿ!"

"ಇವತ್ತು ನನ್ನ ಹುಟ್ಟುಹಬ್ಬ ಕಣೋ!"

"ಗೊತ್ತು ಮಾರಾಯ್ರೇ! ಇಡೀ ಊರಿಗೇ ಗೊತ್ತು!"

ಆ ಕೊನೆಯ ಮಾತು ಓಡ್ವಾರನ ತಲೆಗೆ ಹೋಗಲಿಲ್ಲ. ಎಳೆದ, ಬಿಟ್ಟ, ಮತ್ತೆ ಎಳೆದ. ಮೀನಿನ ಮೂತಿ ನೀರಿನ ಮೇಲೆ ಬಂತು, ಅವನನ್ನೊಮ್ಮೆ ಚೆನ್ನಾಗಿ ನೋಡಿತು, ದಾರ ಕಡಿದುಕೊಂಡು ಕೆಳಗೆ ಹೋಯಿತು. ಗಂಟೆ ಮೂರಾಯಿತು. ರಾಕೆಟ್ಟು ನಿಂತಲ್ಲೇ ನಿಂತಿತು.

ಬಂದರಿನ ಕಟ್ಟೆಯ ಮೇಲೆ ಟೋರ್ಡಿಸ್ ಕೈಕಟ್ಟಿ ನಿಂತಿದ್ದಳು.

"ಗುಡ್ಡದ ಮೇಲೆ ನಾನೂರು ಜನ ಇದ್ರು," ಎಂದಳು. "ಧ್ವನಿವರ್ಧಕದಲ್ಲಿ ಏನು ಹೇಳಿದ್ರು ಗೊತ್ತಾ? ಟೋರ್ಡಿಸ್ ಅಡ್ಡ ಬಂದಿದೆ. ಟೋರ್ಡಿಸ್ ಮಾತು ಕೇಳ್ತಿಲ್ಲ. ಟೋರ್ಡಿಸ್ ದೆಸೆಯಿಂದ ಉಡಾವಣೆ ರದ್ದು. ನಾನೂರು ಜನವೂ ತಿರುಗಿ ನನ್ನನ್ನೇ ನೋಡಿದ್ರು ಕಣೋ!"

"ಅದು... ಮೀನು..."

"ಮೀನೆಲ್ಲಿ?"

ಓಡ್ವಾರ್ ಸಮುದ್ರದ ಕಡೆ ಕೈ ತೋರಿಸಿದ.

"ಕೈ ತೊಳ್ಕೊ. ಈ ಕೋಟು ಹಾಕ್ಕೊ. ಊರಿನ ಸಭಾಭವನಕ್ಕೆ ನಡಿ."

ವಿಚಾರಣೆ ಇರಬೇಕೆಂದು ಓಡ್ವಾರ್ ತಲೆ ತಗ್ಗಿಸಿ ನಡೆದ. ಬಾಗಿಲು ತೆರೆದರೆ ಒಳಗೆ ಕೆನೆ ಕೇಕು, ಅರವತ್ತು ಮೇಣದಬತ್ತಿ, ಐವತ್ತು ಜನ ನೆಂಟರಿಷ್ಟರು! ಅವರ ಪಕ್ಕದಲ್ಲಿ ಟೋರ್ಡಿಸ್ ತಿಂಗಳ ಹಿಂದೆಯೇ ಕರೆದಿದ್ದ ರಾಕೆಟ್ ಕಂಪನಿಯ ಮೂವತ್ತೆಂಟು ಮಂದಿ. ಆ ಊರಿನಲ್ಲಿ ಹುಟ್ಟುಹಬ್ಬದವನ ಸುತ್ತ ಎಲ್ಲರೂ ನಿಂತು ಹಾಡಬೇಕು. ಹಾಡುತ್ತ ಬಗ್ಗಬೇಕು, ತಲೆದೂಗಬೇಕು, ಸುತ್ತು ತಿರುಗಬೇಕು, ಕುಪ್ಪಳಿಸಬೇಕು. ತಮ್ಮ ನಾಲ್ಕನೇ ಪ್ರಯತ್ನಕ್ಕೆ ಕಲ್ಲು ಹಾಕಿದ ಮಹಾನುಭಾವನಿಗಾಗಿ ಮೂವತ್ತೆಂಟು ಎಂಜಿನಿಯರುಗಳು ಹರಳೆಣ್ಣೆ ಕುಡಿದ ಮುಖದಲ್ಲಿ ಬಗ್ಗಿದರು, ತಿರುಗಿದರು, ಕುಪ್ಪಳಿಸಿದರು. ಅವರ ಮುಖ್ಯಸ್ಥೆ ಎಲ್ಲರಿಗಿಂತ ಎತ್ತರ ಹಾರಿದಳು, ಒಂದು ಹಲ್ಲೂ ತೋರಿಸದೆ.

ಓಡ್ವಾರನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಹಾಗಾದ್ರೆ ಆ ಬಾವುಟ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ.

"ಅರವತ್ತಾದದ್ದು ಯಾರಿಗೆ, ರಾಕೆಟ್ಟಿಗಾ?"

"ಮತ್ತೆ ಬೆಳಗ್ಗೆ ನೀನು ಹಾಡಲೇ ಇಲ್ಲ..."

"ಒಬ್ಬಳೇ ಹಾಡಿದ್ರೆ ಸಾಲದು, ಎಂಬತ್ತೆಂಟು ಜನ ಹಾಡ್ಲಿ ಅಂತ ಗುಡ್ಡಕ್ಕೆ ಹೋಗೋವರೆಗೂ ಇಲ್ಲಿ ಕುರ್ಚಿ ಹಾಕ್ತಿದ್ದೆ ಕಣೋ, ಪೆದ್ದ!"

ಮನೆಗೆ ಬಂದ ಮೇಲೆ ಟೋರ್ಡಿಸ್ ಅಡುಗೆಮನೆಯ ಮೇಜಿನ ಮುಂದೆ ಕೂತು ನೀಲಿ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಓಡ್ವಾರ್ ಕೇಳದೆಯೇ ತಟ್ಟೆಗಳನ್ನೆಲ್ಲ ತೊಳೆದ, ಒರೆಸಿದ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ. ಅವಳು ಬರೆದು ಮುಗಿಸಿ ನೋಟ್‌ಬುಕ್ಕನ್ನು ಅವನ ಕಡೆ ಸರಿಸಿದಳು.

"ಪುಟ ಬೇಕು ಅಂತಿದ್ಯಲ್ಲ. ತಗೋ."

ಓಡ್ವಾರ್ ಕನ್ನಡಕ ಏರಿಸಿ ಓದಿದ:

‘ಹಿನ್ನಡೆ ನಾಲ್ಕು. ಕಾರಣ: ನನ್ನ ಗಂಡ. ದೋಷ: ಹೊಟ್ಟೆಕಿಚ್ಚು. ಪರಿಹಾರ: ಬದಲಿ ಸಿಗುವುದಿಲ್ಲ. ಇದ್ದದ್ದನ್ನೇ ಇಟ್ಟುಕೊಳ್ಳುವುದು.’