ನಡುಮನೆಯಲ್ಲೊಂದು ಬೈಕ್ ಲಿಫ್ಟು

ನಮ್ಮ ಸೋದರಮಾವನ ಮನೆಗೆ ಬರುವವರೆಲ್ಲ ಬಾಗಿಲಲ್ಲೇ ತಲೆ ತಗ್ಗಿಸುತ್ತಾರೆ. ಮಾವನ ಮೇಲಿನ ಗೌರವ ಎಂದುಕೊಂಡಿರಾ? ಅಷ್ಟೊಂದು ಗೌರವವನ್ನು ಅವರ ಕಚೇರಿಯ ಜವಾನನೂ ಅವರಿಗೆ ಕೊಟ್ಟವನಲ್ಲ! ತಲೆ ತಗ್ಗಿಸದಿದ್ದರೆ ಮೋಟಾರ್ ಬೈಕಿನ ಹ್ಯಾಂಡಲ್ ಹಣೆಗೆ ಬಡಿಯುತ್ತದೆ, ಅಷ್ಟೆ.

ಹೌದು, ನಡುಮನೆಯಲ್ಲಿ. ಹೌದು, ಹಣೆಯ ಎತ್ತರದಲ್ಲಿ. ಮೊದಲ ಸಲ ನೋಡಿದಾಗ ನನ್ನ ಬಾಯಿಯೂ ಹೀಗೇ ತೆರೆದದ್ದು ಮುಚ್ಚಿರಲಿಲ್ಲ.

ಮಾವ ಮೈಸೂರಿನವರು. ತಿರುವನಂತಪುರದ ಪಟ್ಟಂನಲ್ಲಿ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ, ಶ್ರೀಕಾರ್ಯಂನಲ್ಲಿ ಬಾಡಿಗೆ ಮನೆ. ಮನೆ ಎಂದರೆ ಏನು ಮಹಾ? ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ನಡುಮನೆ, ಅದರ ಆಚೆ ಮೂಲೆಯಲ್ಲಿ ಬಚ್ಚಲು. ಈ ಅರಮನೆಯಲ್ಲಿ ಅವರು, ನಮ್ಮತ್ತೆ, ಮತ್ತು ಅವರಿಬ್ಬರ ಮದುವೆಗಿಂತಲೂ ಹಳೆಯದಾದ ಒಂದು ಬೈಕು. ಅಂಗಳದಲ್ಲಿ ನಿಲ್ಲಿಸಿದರೆ ಅಲ್ಲಿನ ಮಳೆಗೆ ಆರು ತಿಂಗಳಲ್ಲಿ ತುಕ್ಕು ತಿಂದು ಮುಗಿಸುತ್ತದೆ ಎಂದು ಅದನ್ನು ಒಳಗೆ ತಂದರು. ಒಳಗೆ ತಂದ ಮೇಲೆ ಅತ್ತೆಗೆ ಕಾಲಿಡಲು ಜಾಗವಿಲ್ಲವಾಯಿತು. ಯಾವ ಗಂಡಸಾದರೂ ಆಗ ಏನು ಮಾಡುತ್ತಾನೆ? ಬೈಕನ್ನು ಮಾರುತ್ತಾನೆ, ಇಲ್ಲವೇ ದೊಡ್ಡ ಮನೆ ಹುಡುಕುತ್ತಾನೆ. ನಮ್ಮ ಮಾವ ಛಾವಣಿ ನೋಡಿದರು!

"ನೆಲಕ್ಕೆ ಬಾಡಿಗೆ ಕೊಡ್ತೀವಿ ಸರಿ. ಮೇಲಿರೋ ಗಾಳಿಗೂ ಸೇರಿಸಿ ತಾನೇ ಕೊಡ್ತಿರೋದು? ಅದನ್ನ ಯಾಕೆ ದಂಡ ಮಾಡ್ಬೇಕು?" ಎಂದು ನನ್ನನ್ನೇ ಕೇಳಿದರು.

ಮೆಕ್ಯಾನಿಕ್‌ಗಳು ಬೈಕನ್ನು ಏರಿಸಿ ನಿಲ್ಲಿಸಿಕೊಳ್ಳುವ ಕಬ್ಬಿಣದ ಮೇಜೊಂದಿರುತ್ತದೆ, ಲಿಫ್ಟ್ ಟೇಬಲ್ ಎಂದು. ಕಾಲಲ್ಲಿ ಪೆಡಲ್ ಒತ್ತುತ್ತಾ ಹೋದರೆ ಸೊಂಟದ ಎತ್ತರಕ್ಕೆ ಏಳುತ್ತದೆ. ಅದನ್ನು ತರಿಸುವ ಮೊದಲು ಮಾವ ಕಚೇರಿಯ ಶಿಸ್ತಿನಲ್ಲಿ ಒಂದು ನಕ್ಷೆ ತಯಾರಿಸಿದರು. ಕಾಗದದ ಮೇಲೆ ಅಂದುಕೊಂಡಿರಾ? ಅತ್ತೆಯ ರಂಗೋಲಿ ಡಬ್ಬಿ ತೆಗೆದು ನಡುಮನೆಯ ನೆಲದ ಮೇಲೇ ಏಳಡಿ ಉದ್ದದ ಮೇಜನ್ನು ಅಳತೆಗೆ ಸರಿಯಾಗಿ ಬರೆದರು. ಚಕ್ರದ ಜಾಗಕ್ಕೆ ಅರಿಶಿನ, ಪೆಡಲಿನ ಜಾಗಕ್ಕೆ ಕುಂಕುಮ. ಅತ್ತೆ ಅದು ಯಾವುದೋ ಗ್ರಹಶಾಂತಿಯ ಮಂಡಲ ಇರಬೇಕೆಂದು ಎರಡು ದಿನ ತುಳಿಯದೆ ಸುತ್ತುಹಾಕಿ ಓಡಾಡಿದರು. ಬಾಡಿಗೆ ಕೇಳಲು ಬಂದ ಮಲಯಾಳಿ ಮಾಲೀಕರು ಹೊಸ್ತಿಲಲ್ಲೇ ನಿಂತು, ಓಣಂಗೆ ಇನ್ನೂ ಮೂರು ತಿಂಗಳಿದೆಯಲ್ಲ, ಈಗಲೇ ಪೂಕಳಂ, ಅಂದರೆ ಹೂವಿನ ರಂಗೋಲಿ, ಯಾಕೆ ಎಂದು ಕೇಳಿದರಂತೆ. ಮೂರನೆಯ ದಿನ ಕಬ್ಬಿಣದ ಮೇಜು ಬಂತು, ಬೈಕು ಏರಿತು. ಮಾಲೀಕರು ಮತ್ತೆ ಬಂದವರು ತಲೆ ಎತ್ತಿ ನೋಡಿ "ಇದೆಂದಾ ಸಾರೇ?" ಎಂದು, ಇದೇನು ಸಾರ್ ಎಂದಷ್ಟೇ ಕೇಳಿ, ಉತ್ತರಕ್ಕೂ ಕಾಯದೆ, ಬಾಡಿಗೆಯನ್ನೂ ಮರೆತು ಹೊರಟುಹೋದರಂತೆ!

ಇಷ್ಟೆಲ್ಲ ಮಾಡಿದ ಮನುಷ್ಯ ದಿನಾ ಪಟ್ಟಂಗೆ ಆ ಬೈಕಿನಲ್ಲಿ ಹೋಗುತ್ತಾರೆಂದು ನೀವು ತಿಳಿದಿದ್ದರೆ, ನಮ್ಮ ಮಾವನನ್ನು ನೀವು ಕಂಡಿಲ್ಲ. ಅವರು ಹೋಗುವುದು ಬಸ್ಸಿನಲ್ಲಿ, ನಿಂತುಕೊಂಡು. ಬೈಕಿಗೆ ಮಳೆ ಆಗುವುದಿಲ್ಲವಲ್ಲ! ಭಾನುವಾರ ಬೆಳಿಗ್ಗೆ ಮಾತ್ರ ಅದನ್ನು ಇಳಿಸಿ, ಒಂದು ಸುತ್ತು ಹೋಗಿಬಂದು, ಒರೆಸಿ, ಮತ್ತೆ ಏರಿಸುತ್ತಾರೆ.

ನಾನು ಕೊಚ್ಚಿಯ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮನೆಗೆ ಹೋಗಿದ್ದೆ. ಆ ಬೈಕಿನ ಪಕ್ಕದ ಗಿಡ್ಡ ಬೆತ್ತದ ಸ್ಟೂಲಿನ ಮೇಲೆ ಕೂರಿಸಿ ಅತ್ತೆ ಕಾಫಿ ಕೊಟ್ಟರು. ಎರಡು ಗುಟುಕು ಕುಡಿದಿರಬೇಕು, ಮೇಲಿನಿಂದ ಟಪ್ ಎಂದು ಲೋಟದೊಳಗೆ ಒಂದು ಕಪ್ಪು ಹನಿ! ನಾನು ಹೌಹಾರಿ ಎದ್ದೆ. ಮಾವ ನನಗಿಂತ ಹೆಚ್ಚು ಬೆಚ್ಚಿಬಿದ್ದರು. ಓಡಿಬಂದು ಲೋಟ ಕಸಿದುಕೊಂಡರು. ಸೋದರಸೊಸೆಯ ಮೇಲೆ ಎಂಥ ಕಾಳಜಿ ಎಂದು ನನ್ನ ಕಣ್ಣು ತುಂಬಿ ಬರುವುದರಲ್ಲಿತ್ತು. ಅವರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ವಾಷರ್ ಹೋಗಿದೆ ಕಣೆ ಪುಟ್ಟಿ," ಎಂದರು, ಮನೆಯಲ್ಲಿ ಸಾವಾದವರ ದನಿಯಲ್ಲಿ. ಆ ಕಾಫಿಯನ್ನು ಒಂದು ಸೀಸೆಯಲ್ಲಿ ಹಾಕಿ ಮೆಕ್ಯಾನಿಕ್‌ಗೆ ತೋರಿಸಲು ತೆಗೆದುಕೊಂಡೂ ಹೋದರು.

ಹಲಸಿನ ಹಣ್ಣಿನದು ಇದಕ್ಕಿಂತ ಘೋರ. ಮಾಲೀಕರು ಪ್ರೀತಿಯಿಂದ ಕೊಟ್ಟ ದೊಡ್ಡ ಚಕ್ಕವನ್ನು, ಅಲ್ಲಿ ಹಲಸಿಗೆ ಹಾಗೆನ್ನುತ್ತಾರೆ, ಹಣ್ಣಾಗಲೆಂದು ಅತ್ತೆ ಆ ಮೇಜಿನ ಅಡಿಗೆ ತಳ್ಳಿಟ್ಟಿದ್ದರು. ಮನೆಯಲ್ಲಿ ಬೇರೆ ಜಾಗ ಎಲ್ಲಿತ್ತು? ಹಣ್ಣು ಹಣ್ಣಾಯಿತು. ಭಾನುವಾರವೂ ಬಂತು. ಮಾವ ಇಳಿಸುವ ಪೆಡಲ್ ಒತ್ತಿ ಮೇಜನ್ನು ಇಳಿಸಿದರು. ಮುಂದಿನದನ್ನು ನಾನು ಹೇಳಬೇಕೆ? ಒಂದು ವಾರ ಆ ಮನೆಯ ಗೋಡೆಗಳಿಂದ ಅತ್ತೆ ಹಲಸಿನ ತೊಳೆ ಕೆರೆಯುತ್ತಿದ್ದರು. ಕಾಣಿಸಲಿಲ್ಲವೇ ಎಂದು ಕೇಳಿದ್ದಕ್ಕೆ ಮಾವ, ಬೈಕು ಯಾಕೋ ಒಂದು ಕಡೆ ವಾಲ್ತಿದೆ ಅಂತ ಅದನ್ನೇ ನೋಡ್ತಿದ್ದೆ ಎಂದರಂತೆ.

ಅತ್ತೆ ಇದನ್ನೆಲ್ಲ ನಗುತ್ತಲೇ ನಮಗೆ ಹೇಳುತ್ತಿದ್ದವರು. ನಗು ನಿಂತದ್ದು ಈ ವರ್ಷ, ಅವರ ಮಂಡಿಗೆ ಆಪರೇಷನ್ ಆದಾಗ.

ಕೊಚ್ಚಿಯಲ್ಲೇ ಮಾಡಿಸಿ, ಕಲೂರಿನ ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆವು. ನಾಲ್ಕು ಕಾಲಿನ ವಾಕರ್ ಹಿಡಿದು, ಮಂಡಿ ಸರಿಯಾಗಿ ಬಗ್ಗದೆ, ಹಲ್ಲು ಕಚ್ಚಿ ಹೆಜ್ಜೆ ಇಡುತ್ತಿದ್ದರು. ಮೊದಲ ಶನಿವಾರ ಮಾವ ರೈಲಿನಲ್ಲಿ ಬಂದರು. ಅತ್ತೆಯ ಎದುರಿಗೆ ಕುರ್ಚಿ ಹಾಕಿ ಕೂತು, ಅವರು ನಡೆಯುವುದನ್ನೇ ಒಂದು ಗಂಟೆ ನೋಡಿದರು. ನೋವಿದೆಯೇ ಎಂದು ಕೇಳಲಿಲ್ಲ. ಊಟ ಸೇರುತ್ತಿದೆಯೇ ಎಂದು ಕೇಳಲಿಲ್ಲ. ಆಮೇಲೆ ಜೇಬಿನಿಂದ ಏನು ತೆಗೆದರು ಗೊತ್ತೇ? ಅಳತೆಯ ಟೇಪು! ವಾಕರಿನ ಅಗಲ ಅಳೆದರು, ಎತ್ತರ ಅಳೆದರು, ಚೀಟಿಯಲ್ಲಿ ಬರೆದುಕೊಂಡರು, ಸಂಜೆಯ ರೈಲಿಗೆ ಹೊರಟೇ ಹೋದರು.

ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

"ಅಳೆದಿದ್ದು ಯಾಕೆ ಅಂತ ನಂಗೊತ್ತಿಲ್ವಾ?" ಎಂದರು ಬೆಳಿಗ್ಗೆ. "ಬೈಕು ಪಕ್ಕದಲ್ಲಿ ನಾನು ತೂರಿಕೊಂಡು ಹೋಗ್ಬಹುದಾ ಅಂತ. ಮೂವತ್ತು ವರ್ಷ ತೂರಿಕೊಂಡೇ ಓಡಾಡಿದೀನಿ ಕಣೆ. ಈಗ ಕಾಲು ಕೇಳಲ್ಲ."

ಮೈಸೂರಿನ ತಂಗಿಯ ಮನೆಗೆ ಹೋಗುತ್ತೇನೆ, ರೈಲಿಗೆ ಟಿಕೆಟ್ ಮಾಡಿಸು ಎಂದರು. ಎಷ್ಟು ದಿನಕ್ಕೆ ಎಂದು ಕೇಳಿದೆ. ಅವರು ಶ್ರೀಕಾರ್ಯಂನಲ್ಲಿರುವ ತಮ್ಮ ಸೀರೆಗಳನ್ನೆಲ್ಲ ತಂದುಕೊಡಲು ಹೇಳಿದರು. ಎಲ್ಲ ಸೀರೆ. ಒಂದು ವಾರಕ್ಕೆ ಹೋಗುವವರು ಎಲ್ಲ ಸೀರೆ ಒಯ್ಯುತ್ತಾರೆಯೇ?

ಗುರುವಾರ ರಜೆ ಹಾಕಿ ಬೆಳಗಿನ ರೈಲು ಹಿಡಿದೆ. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದೆ. ಕೊಲ್ಲಂ ದಾಟುವಷ್ಟರಲ್ಲಿ ಅವು ಎಷ್ಟು ಹರಿತವಾಗಿದ್ದವೆಂದರೆ ನನಗೇ ಭಯವಾಗುತ್ತಿತ್ತು.

ಗೇಟು ತೆರೆದವಳು ಅಲ್ಲೇ ನಿಂತೆ. ಬೈಕು ಅಂಗಳದಲ್ಲಿತ್ತು! ಜಿಟಿಜಿಟಿ ಮಳೆಯಲ್ಲಿ, ತೆಂಗಿನ ಮರದ ಬುಡದಲ್ಲಿ, ಒಂದು ಹಳೇ ಟಾರ್ಪಾಲು ಅರ್ಧಂಬರ್ಧ ಹೊದ್ದುಕೊಂಡು. ಕಬ್ಬಿಣದ ಮೇಜನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮಾವನಿಗೆ ಏನಾದರೂ ಆಗಿಹೋಯಿತೋ ಎಂದು ಬಾಗಿಲ ಕಡೆಗೆ ಓಡಿದೆ. ಬೇರೆ ಯಾವ ಕಾರಣಕ್ಕೆ ಆ ಬೈಕು ಮಳೆಯಲ್ಲಿ ನಿಲ್ಲಲು ಸಾಧ್ಯ?

ಬಾಗಿಲು ತೆರೆದೇ ಇತ್ತು. ಅಭ್ಯಾಸಬಲದಿಂದ ತಲೆ ತಗ್ಗಿಸಿ ಒಳಗೆ ಹೋದೆ.

ಖಾಲಿ ನಡುಮನೆಯಲ್ಲಿ ಮಾವ ವಾಕರ್ ಹಿಡಿದು ನಡೆಯುತ್ತಿದ್ದರು. ಅಂಥದ್ದೇ ಒಂದನ್ನು ಬಾಡಿಗೆಗೆ ತಂದಿದ್ದರು. ಮಂಡಿ ಬಗ್ಗದಿರಲೆಂದು ಒಂದು ಕಾಲಿಗೆ ಎರಡು ಮರದ ಪಟ್ಟಿ ಇಟ್ಟು ಟವೆಲ್ ಸುತ್ತಿ ಬಿಗಿದಿದ್ದರು. ಮಲಗುವ ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ. ಎಲ್ಲಿ ವಾಕರ್ ತಗಲುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಬಚ್ಚಲ ಹೊಸ್ತಿಲನ್ನು ಕೆತ್ತಿಸಿ ಸಮ ಮಾಡಿಸಿದ್ದರು. ಗೋಡೆಗೆ ಒಂದು ಹೊಸ ಹಿಡಿಕೆ. ಮುಖವೆಲ್ಲ ಬೆವರು.

"ಬಂದ್ಯಾ ಪುಟ್ಟಿ," ಎಂದರು ನಿಲ್ಲದೆ. "ಇಲ್ಲಿ ತಿರುಗೋವಾಗ ನೋಯುತ್ತೆ. ನಾಲ್ಕು ದಿನದಿಂದ ನೋಡ್ತಿದೀನಿ. ಬಾಗಿಲನ್ನ ಆ ಕಡೆಗೆ ತೆರೆಯೋ ಹಾಗೆ ಮಾಡ್ಬೇಕು."

ಕೊಲ್ಲಂವರೆಗೆ ಮಸೆದ ಮಾತುಗಳನ್ನು ಅಲ್ಲೇ ಬಿಟ್ಟೆ. ಫೋನ್ ತೆಗೆದು ಅತ್ತೆಗೆ ವೀಡಿಯೊ ಕಾಲ್ ಮಾಡಿದೆ. ಕ್ಯಾಮೆರಾವನ್ನು ಮಾವನ ಕಡೆ ತಿರುಗಿಸಿದೆ. ಅವರು ನಮಗೆ ಬೆನ್ನು ಹಾಕಿ, ಬಚ್ಚಲ ಕಡೆಗೆ ಒಂದೊಂದೇ ಹೆಜ್ಜೆ ಎಳೆಯುತ್ತಿದ್ದರು.

ಅತ್ತೆ ಫೋನನ್ನು ಮುಖದ ಹತ್ತಿರ ತಂದು ನೋಡಿದರು.

"ರೀ," ಎಂದರು. "ನಂಗೆ ಆಪರೇಷನ್ ಆಗಿರೋದು ಬಲಗಾಲು."

ಮಾವ ಬಗ್ಗಿ ಟವೆಲ್ ಸುತ್ತಿದ ತಮ್ಮ ಎಡಗಾಲನ್ನು ನೋಡಿಕೊಂಡರು. ಎದುರಿಗೆ ಕೂತು ನೋಡಿದ್ದರಲ್ಲ!

"ನನ್ನ ಎದುರಿಗೆ ಬರ್ತಿದ್ದಾಗ ಈ ಕಡೆ ಇತ್ತು," ಎಂದರು ಮೆಲ್ಲಗೆ. ನಾಲ್ಕು ದಿನ ತಪ್ಪು ಕಾಲಿನಲ್ಲಿ ನೋವು ತಿಂದಿದ್ದರು. ನಿಂತಲ್ಲೇ ಒಂದು ಕೈಯಲ್ಲಿ ಟವೆಲಿನ ಗಂಟು ಹುಡುಕತೊಡಗಿದರು.

"ನಿಂತ್ಕೊಂಡು ಬಿಚ್ಚಬೇಡಿ, ಬೀಳ್ತೀರ," ಎಂದರು ಅತ್ತೆ. "ಪುಟ್ಟಿ, ಅವರನ್ನ ಹಿಡಿದು ಕೂರಿಸೇ. ಆಮೇಲೆ, ಆ ಸೀರೆ ತರೋದು ಬೇಡ. ಅಲ್ಲೇ ಇರಲಿ."